ವೈದ್ಯರ ಮುಂದೆ ಹೊಲದ ಸುದ್ದಿ ಮುಚ್ಚಿಡಬೇಡಿ

ಮೆಕ್ಕೆಜೋಳದ ಸುಳಿಗೆ ಹುಳು ಬಿದ್ದರೆ ನೀವು ಏನು ಮಾಡುತ್ತೀರಿ? ಹುಳು ತಿಂದ ಒಂದೆರಡು ಎಲೆ ಕಿತ್ತು, ಟವೆಲಿನಲ್ಲಿ ಸುತ್ತಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತೀರಿ. ಬಿತ್ತಿದ್ದು ಯಾವಾಗ, ಬೀಜ ಯಾವುದು, ಗೊಬ್ಬರ ಎಷ್ಟು ಚೀಲ, ಮಳೆ ಎಷ್ಟು ದಿನ ಕೈಕೊಟ್ಟಿತು, ಅಂಗಡಿಯವರ ಮಾತು ಕೇಳಿ ಹೊಡೆದ ಔಷಧಿ ಯಾವುದು, ಎಲ್ಲವನ್ನೂ ಅಧಿಕಾರಿಗಳು ಕೇಳುವ ಮೊದಲೇ ಹೇಳಿಬಿಡುತ್ತೀರಿ. ಮುಚ್ಚಿಟ್ಟರೆ ನಷ್ಟ ಬೆಳೆಗೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು.

ಅದೇ ನಿಮಗೇ ಕಾಯಿಲೆ ಬಂದರೆ? ಆಸ್ಪತ್ರೆಯ ಸಾಲಿನಲ್ಲಿ ಎರಡು ಗಂಟೆ ನಿಂತು ವೈದ್ಯರ ಮುಂದೆ ಕೂರುತ್ತೀರಿ.

"ಏನಪ್ಪಾ, ಏನಾಗಿದೆ?"

"ಜ್ವರ ಸಾರ್. ಮೈಕೈ ನೋವು. ಒಂದು ಇಂಜೆಕ್ಷನ್ ಹಾಕಿಬಿಡಿ."

ಮಾತು ಅಲ್ಲಿಗೆ ಮುಗಿಯಿತು. ಬೆಳೆಯ ಸಂಗತಿ ಹೇಳಲು ಅರ್ಧ ಗಂಟೆ, ಬೆಳೆದವನ ಸಂಗತಿಗೆ ಅರ್ಧ ನಿಮಿಷ. ಈ ವ್ಯತ್ಯಾಸದಿಂದ ಪ್ರಾಣಕ್ಕೇ ಅಪಾಯ ಬರಬಹುದು. ಅದು ಹೇಗೆಂಬುದನ್ನು ನಮ್ಮ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಉದಾಹರಣೆಯಿಂದಲೇ ನೋಡೋಣ.

ಗುರುತಿನ ವೈದ್ಯರ ಕಾಲ ಹೋಯಿತು

ಹಿಂದೆ ಊರಿಗೊಬ್ಬರು, ಹೋಬಳಿಗೊಬ್ಬರು ವೈದ್ಯರಿರುತ್ತಿದ್ದರು. ಅವರಿಗೆ ನಿಮ್ಮ ತಂದೆಯ ದಮ್ಮು ಗೊತ್ತು, ತಾಯಿಯ ಸಕ್ಕರೆ ಕಾಯಿಲೆ ಗೊತ್ತು, ನಿಮ್ಮ ಹೊಲ ಕೆರೆಯ ಕೆಳಗಿದೆಯೋ ಮಟ್ಟಿಯ ಮೇಲಿದೆಯೋ ಅದೂ ಗೊತ್ತು. ನೀವು ಬಾಯಿ ಬಿಡದಿದ್ದರೂ ಅರ್ಧ ಸಂಗತಿ ಅವರಿಗೆ ತಿಳಿದಿರುತ್ತಿತ್ತು.

ಈಗ ಹಾಗಿಲ್ಲ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿ ಆಗದಿದ್ದರೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಅಥವಾ ಯಾವುದಾದರೂ ಖಾಸಗಿ ನರ್ಸಿಂಗ್ ಹೋಂ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯವರು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವರು. ಅವರಲ್ಲಿ ಅನೇಕರು ಇಂದಿಗೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ. ಪ್ರತಿಯೊಂದು ಮೆಟ್ಟಿಲಿನಲ್ಲೂ ಹೊಸ ವೈದ್ಯರು. ಹೃದಯಕ್ಕೆ ಒಬ್ಬರು, ಮೂತ್ರಪಿಂಡಕ್ಕೆ ಒಬ್ಬರು, ಮೂಳೆಗೆ ಒಬ್ಬರು. ಸ್ಕ್ಯಾನಿಂಗ್ ಯಂತ್ರ ದೇಹದ ಒಳಗನ್ನು ತೋರಿಸುತ್ತದೆ. ಆದರೆ ನೀವು ನಿನ್ನೆ ಯಾವ ಕೆಲಸ ಮಾಡಿದಿರಿ ಎಂಬುದನ್ನು ಅದು ತೋರಿಸಲಾರದು.

ವೈದ್ಯರ ಹತ್ತಿರ ಸಮಯವೂ ಕಡಿಮೆ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರಕಾರದ ಲೆಕ್ಕ. ಬೇರೆ ಬೇರೆ ದೇಶಗಳಲ್ಲಿ ವೈದ್ಯರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಎಂಬುದರ ಬಗ್ಗೆ 2017ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸ್ವೀಡನ್ನಿನಲ್ಲಿ ಸುಮಾರು 22 ನಿಮಿಷ. ಬಾಂಗ್ಲಾದೇಶದಲ್ಲಿ ಒಂದು ನಿಮಿಷವೂ ಇಲ್ಲ. ಜಗತ್ತಿನ ಅರ್ಧದಷ್ಟು ಜನ ವಾಸಿಸುವ ದೇಶಗಳಲ್ಲಿ ಅದು 5 ನಿಮಿಷಕ್ಕಿಂತ ಹೆಚ್ಚಿಲ್ಲ. ನಮ್ಮ ದೇಶವೂ ಆ ಗುಂಪಿನಲ್ಲಿದೆ.

ಆದ್ದರಿಂದ ಸಿಕ್ಕಿದ ಎರಡು ನಿಮಿಷದಲ್ಲಿ ಸರಿಯಾದ ಮಾತು ಆಡುವುದು ಅಗತ್ಯ. ಆ ಸರಿಯಾದ ಮಾತು ಬಹುತೇಕ ನಿಮ್ಮ ಹೊಲದಲ್ಲೇ ಇರುತ್ತದೆ.

ನ್ಯಾಮತಿಯ ಮೆಕ್ಕೆಜೋಳ

2018ರ ಮೇ ತಿಂಗಳಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಅದೂ ನಮ್ಮ ನೆರೆಯ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ. ಅಂದಿನಿಂದ ಮೆಕ್ಕೆಜೋಳಕ್ಕೂ ಔಷಧಿ ಹೊಡೆಯುವ ಕೆಲಸ ಬಂತು. ಎದೆ ಎತ್ತರಕ್ಕೆ ಬೆಳೆದ ಪೈರಿನ ನಡುವೆ ಬೆನ್ನಿಗೆ ಪಂಪು ಕಟ್ಟಿಕೊಂಡು ಹೋದರೆ ತುಂತುರು ಮೈಮೇಲೂ ಮುಖಕ್ಕೂ ಬೀಳುವುದು ಸಹಜ.

ಸಂಜೆ ಮನೆಗೆ ಬಂದ ಮೇಲೆ ತಲೆ ಸುತ್ತು, ವಾಂತಿ, ಭೇದಿ, ಬಾಯಲ್ಲಿ ಜೊಲ್ಲು, ವಿಪರೀತ ಬೆವರು. ಆಸ್ಪತ್ರೆಯಲ್ಲಿ "ಊಟದಲ್ಲಿ ಏನೋ ಆಗಿರಬೇಕು ಸಾರ್" ಎಂದುಬಿಟ್ಟರೆ ವೈದ್ಯರು ವಾಂತಿ ಭೇದಿಗೆ ಔಷಧಿ ಕೊಡುತ್ತಾರೆ. "ಎಣ್ಣೆ ಹೊಡೆದು ಬಂದೆ" ಎಂದಿದ್ದರೆ ಅವರು ಮೊದಲು ನಿಮ್ಮ ಕಣ್ಣಿನ ಪಾಪೆ ನೋಡುತ್ತಿದ್ದರು. ಪಾಪೆ ಸಾಸಿವೆಯಷ್ಟು ಕಿರಿದಾಗಿದ್ದರೆ ಅದು ಆರ್ಗನೋಫಾಸ್ಫೇಟ್ ಗುಂಪಿನ ವಿಷದ ಗುರುತು. ಅದಕ್ಕೆ ಅಟ್ರೋಪಿನ್ ಎಂಬ ಮದ್ದಿದೆ. ಹೊತ್ತಿಗೆ ಸರಿಯಾಗಿ ಕೊಟ್ಟರೆ ಪ್ರಾಣ ಉಳಿಯುತ್ತದೆ.

ಆದರೆ ಎಲ್ಲ ವಿಷಕ್ಕೂ ಒಂದೇ ಮದ್ದಲ್ಲ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿಮದ್ದೇ ಇಲ್ಲ. ಅಷ್ಟೇ ಅಲ್ಲ, ಅಂಥ ರೋಗಿಗೆ ಅಗತ್ಯವಿಲ್ಲದೆ ಆಮ್ಲಜನಕ ಕೊಟ್ಟರೆ ಶ್ವಾಸಕೋಶ ಇನ್ನಷ್ಟು ಕೆಡುತ್ತದೆ. ಒಬ್ಬರಿಗೆ ಜೀವದಾನವಾದದ್ದು ಇನ್ನೊಬ್ಬರಿಗೆ ಕೇಡಾಗಬಹುದು. ಆದ್ದರಿಂದ ಡಬ್ಬಿಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ. ಅದರ ಮೇಲಿನ ಹೆಸರು, ಕೆಂಪು, ಹಳದಿ, ನೀಲಿ ಅಥವಾ ಹಸಿರು ಗುರುತು, ಒಳಗಿನ ಚೀಟಿಯಲ್ಲಿ ಅಚ್ಚಾದ ಪ್ರತಿಮದ್ದಿನ ವಿವರ, ಇವೆಲ್ಲ ವೈದ್ಯರಿಗಾಗಿಯೇ ಇರುವುದು. ಹೊರಡುವ ಮೊದಲು ಒದ್ದೆ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ.

ಹೊನ್ನಾಳಿಯ ಗದ್ದೆ

ತುಂಗಭದ್ರೆಯ ದಂಡೆ, ಭದ್ರಾ ನಾಲೆಯ ನೀರು. ನಾಟಿಯ ಕಾಲದಲ್ಲಿ ಗಂಡಸರು ಹೆಂಗಸರು ದಿನವಿಡೀ ಕೆಸರಿನಲ್ಲಿ ನಿಲ್ಲುತ್ತಾರೆ. ಇಲಿ, ಹೆಗ್ಗಣ, ದನಕರುಗಳ ಮೂತ್ರ ಆ ನೀರಿಗೆ ಸೇರಿರುತ್ತದೆ. ಕಾಲಿನ ಬಿರುಕು, ತರಚಿದ ಗಾಯಗಳ ಮೂಲಕ ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಜೀವಿ ಮೈ ಸೇರುತ್ತದೆ. ಇದೇ ಇಲಿ ಜ್ವರ.

ಈ ಜ್ವರ ಕೂಡಲೆ ಬರುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಎರಡು ವಾರ ಕಳೆದು ಬರುತ್ತದೆ. ಅಷ್ಟರಲ್ಲಿ ನಾಟಿ ಮುಗಿದಿರುತ್ತದೆ, ಕಾಲಿನ ಗಾಯ ಮಾಯ್ದಿರುತ್ತದೆ, ನಿಮಗೂ ಅದು ಮರೆತಿರುತ್ತದೆ. ಜ್ವರ, ತಲೆನೋವು, ಮೀನಖಂಡದಲ್ಲಿ ಮುಟ್ಟಲಾರದಷ್ಟು ನೋವು, ಕೆಂಪು ಕಣ್ಣು. ಮೇಲುನೋಟಕ್ಕೆ ಡೆಂಗೀ ಜ್ವರದಂತೆಯೇ ಕಾಣುತ್ತದೆ. ಆರಂಭದಲ್ಲೇ ಗುರುತಿಸಿದರೆ ಕಡಿಮೆ ಬೆಲೆಯ ಡಾಕ್ಸಿಸೈಕ್ಲಿನ್ ಮಾತ್ರೆಯಿಂದ ಗುಣವಾಗುತ್ತದೆ. ತಡವಾದರೆ ಕಾಮಾಲೆಯಾಗಿ, ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ವರೆಗೆ ಹೋಗಬಹುದು.

"ಹತ್ತು ದಿನದ ಹಿಂದೆ ಗದ್ದೆ ನಾಟಿ ಮಾಡಿದ್ದೆ ಸಾರ್, ಕಾಲು ಒಡೆದಿತ್ತು." ಇಷ್ಟೇ ಮಾತು. ಪಟ್ಟಣದಲ್ಲಿ ಓದಿ ಬಂದ ತರುಣ ವೈದ್ಯರಿಗೆ ಈ ಮಾತು ಒಂದು ದೊಡ್ಡ ಪರೀಕ್ಷೆಯ ವರದಿಗೆ ಸಮ.

ಚನ್ನಗಿರಿಯ ತೋಟ

ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಬಂದರೆ ರಾತ್ರಿಯೇ ಅಡಿಕೆ ತೋಟಕ್ಕೆ ಹೋಗಬೇಕು. ಕೆಳಗೆ ಬಿದ್ದ ಸೋಗೆ, ತೇವ, ಕತ್ತಲು. ಹಾವು ಕಡಿಯುವುದು ಇಂಥ ಹೊತ್ತಿನಲ್ಲೇ. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ನಮ್ಮಲ್ಲಿ ಬಳಸುವ ಪ್ರತಿವಿಷದ ಇಂಜೆಕ್ಷನ್ ಒಂದೇ. ಆದ್ದರಿಂದ ಹಾವನ್ನು ಹುಡುಕಿ ಕೊಂದು ತರಬೇಕಾಗಿಲ್ಲ. ಕಡಿದದ್ದು ಎಷ್ಟು ಗಂಟೆಗೆ, ಹಗ್ಗ ಬಿಗಿದದ್ದು ಎಷ್ಟು ಗಂಟೆಗೆ, ಮೊದಲು ನಾಟಿ ಔಷಧಿಗೆ ಹೋಗಿದ್ದರೆ ಅಲ್ಲಿ ಏನು ಕುಡಿಸಿದರು, ಈ ಮೂರನ್ನು ಮಾತ್ರ ಮುಚ್ಚಿಡದೆ ಹೇಳಬೇಕು. ವೈದ್ಯರು ಬೈಯಬಹುದು. ಬೈಗುಳ ತಿಂದು ಬದುಕಿಕೊಳ್ಳುವುದು ಲೇಸು.

ಜಗಳ ಹುಟ್ಟುವುದೂ ಇಂಥ ರಾತ್ರಿಯಲ್ಲೇ. ವೈದ್ಯರು ಸ್ವಲ್ಪ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ ಹಾಕಿ ಅಲ್ಲಾಡಿಸದೆ ಇಡುತ್ತಾರೆ. 20 ನಿಮಿಷ ಕಾಯುತ್ತಾರೆ. ಹೊರಗೆ ನಿಂತ ನೆಂಟರಿಗೆ, "ಹುಡುಗ ಸಾಯುತ್ತಿದ್ದಾನೆ, ಡಾಕ್ಟರು ಸುಮ್ಮನೆ ಕೂತಿದ್ದಾರೆ" ಎನ್ನಿಸುತ್ತದೆ. ಮಾತಿಗೆ ಮಾತು ಬೆಳೆದು ಕೈ ಎತ್ತುವ ಮಟ್ಟಕ್ಕೆ ಹೋಗುತ್ತದೆ. ನಿಜವೇನೆಂದರೆ, ಆ 20 ನಿಮಿಷವೂ ಒಂದು ಪರೀಕ್ಷೆ. ರಕ್ತ ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷ ಏರಿದೆ ಎಂದು ಅರ್ಥ. ಕೂಡಲೆ ಪ್ರತಿವಿಷ ಕೊಡುತ್ತಾರೆ. ವಿಷ ಏರಿದ ಲಕ್ಷಣವೇ ಇಲ್ಲದವರಿಗೆ ಅದನ್ನು ಕೊಡುವಂತಿಲ್ಲ. ಆ ಇಂಜೆಕ್ಷನ್ನೇ ಕೆಲವರಿಗೆ ಒಗ್ಗದೆ ಅಪಾಯ ತರುತ್ತದೆ. "ಇಪ್ಪತ್ತು ನಿಮಿಷ ಯಾಕೆ ಕಾಯುತ್ತಿದ್ದೇನೆ ಗೊತ್ತಾ?" ಎಂದು ವೈದ್ಯರು ಎರಡು ಮಾತು ಹೇಳಿದ್ದರೆ, "ಯಾಕೆ ಸಾರ್ ಕಾಯಬೇಕು?" ಎಂದು ನೆಂಟರು ಮೆಲ್ಲಗೆ ಕೇಳಿದ್ದರೆ, ಜಗಳ ಹುಟ್ಟುತ್ತಲೇ ಇರಲಿಲ್ಲ.

ಜಗಳೂರಿನ ಕೊಳವೆ ಬಾವಿ

ಜಗಳೂರು ಸೀಮೆ ಮಳೆ ಕಡಿಮೆಯ ಒಣ ಸೀಮೆ. ಕೊಳವೆ ಬಾವಿ ಆಳಕ್ಕಿಳಿದಂತೆ ಹಲವು ಕಡೆ ನೀರಿನಲ್ಲಿ ಫ್ಲೋರೈಡ್ ಬಂದಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಅಂಥ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ, ದೊಡ್ಡವರಿಗೆ ಮಂಡಿ, ಸೊಂಟ, ಕುತ್ತಿಗೆ ಬಿಗಿತ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ.

ನೋವು ಬಂದವರು ಮೆಡಿಕಲ್ ಶಾಪಿನಲ್ಲಿ ನೋವಿನ ಗುಳಿಗೆ ಕೊಳ್ಳುತ್ತಾರೆ. ಅದು ಅಭ್ಯಾಸವಾಗುತ್ತದೆ. ಕೆಲವು ವರ್ಷದ ನಂತರ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಆಗ ದೊಡ್ಡ ಆಸ್ಪತ್ರೆಯ ವೈದ್ಯರು "ಯಾವ ಗುಳಿಗೆ ನುಂಗುತ್ತಿದ್ದಿರಿ?" ಎಂದು ಕೇಳಿದರೆ "ಏನೂ ಇಲ್ಲ ಸಾರ್" ಎನ್ನುತ್ತೇವೆ. ಚೀಟಿ ಇಲ್ಲದೆ ಕೊಂಡ ಗುಳಿಗೆ ನಮ್ಮ ಲೆಕ್ಕದಲ್ಲಿ ಔಷಧಿಯೇ ಅಲ್ಲ! ಯಾವ ಬೋರಿನ ನೀರು ಕುಡಿಯುತ್ತೀರಿ, ಎಷ್ಟು ವರ್ಷದಿಂದ ಕುಡಿಯುತ್ತೀರಿ, ಯಾವ ಗುಳಿಗೆ ನುಂಗುತ್ತೀರಿ ಎಂಬುದನ್ನು ಹೇಳಿ. ಖಾಲಿ ಗುಳಿಗೆಯ ಪಟ್ಟಿಯನ್ನೇ ತೋರಿಸಿ. ನೀರು ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯ್ತಿಯಲ್ಲಿ ಕೇಳಿ. ಈ ಕಾಯಿಲೆಗೆ ಮೊದಲ ಮದ್ದು ನೀರನ್ನು ಬದಲಿಸುವುದೇ.

ಮುಚ್ಚಿಡುವುದು ಏಕೆ?

ನಾವು ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ, ಹೆದರಿ ಹೇಳುತ್ತೇವೆ. ದೊಡ್ಡ ಹೆದರಿಕೆ ಪೊಲೀಸರದು. ವಿಷದ ಮಾತು ಎತ್ತಿದರೆ "ಕೇಸು ಆಗುತ್ತದೆ" ಎಂದು ಯಾರೋ ಹೇಳಿರುತ್ತಾರೆ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡುವುದು ಒಂದು ಕ್ರಮ. ಮಾಹಿತಿ ಕೊಟ್ಟ ಮಾತ್ರಕ್ಕೆ ನೀವು ಅಪರಾಧಿಯಾಗುವುದಿಲ್ಲ. ಪೊಲೀಸರು ಬರುವವರೆಗೆ ಚಿಕಿತ್ಸೆ ನಿಲ್ಲಿಸುವಂತೆಯೂ ಇಲ್ಲ. ಸರಕಾರಿಯಾಗಲಿ ಖಾಸಗಿಯಾಗಲಿ, ವೈದ್ಯರು ಮೊದಲು ಪ್ರಾಣ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಸಾಲದ ಬೇಗೆಗೋ ಮನೆಯ ಜಗಳಕ್ಕೋ ಬೇಸತ್ತು ಯಾರಾದರೂ ತಾವಾಗಿ ವಿಷ ಕುಡಿದಿದ್ದರೆ, ಆಗಲೂ ನಿಜವನ್ನೇ ಹೇಳಿ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸುತ್ತಿದ್ದ ಹಳೆಯ 309ನೆಯ ಕಲಮನ್ನು ಉಳಿಸಿಕೊಂಡಿಲ್ಲ. ಮಾನದ ಹೆದರಿಕೆಯಿಂದ "ಅಚಾತುರ್ಯದಿಂದ ಆಯಿತು" ಎಂದು ಹೇಳಿದರೆ ಎಷ್ಟು ಕುಡಿದರು ಎಂಬ ಲೆಕ್ಕ ತಪ್ಪುತ್ತದೆ; ಲೆಕ್ಕ ತಪ್ಪಿದರೆ ಮದ್ದೂ ತಪ್ಪಬಹುದು. ಮನಸ್ಸಿಗೆ ಅಂಥ ಯೋಚನೆ ಬಂದವರು 14416 ನಂಬರಿಗೆ ಫೋನು ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಣ ಕೊಡಬೇಕಾಗಿಲ್ಲ.

ಇನ್ನೊಂದು ನಾಚಿಕೆಯದು. ಕುಡಿತ, ತಂಬಾಕು, ಮುಟ್ಟಿನ ತೊಂದರೆ, ಮೂತ್ರದ ತೊಂದರೆ. ಹೆಂಗಸರನ್ನು ಕರೆದುಕೊಂಡು ಹೋದ ಗಂಡಸರೇ ಮಾತನಾಡುತ್ತಾರೆ. ಆಕೆ ಸೆರಗು ಹಿಡಿದು ಸುಮ್ಮನೆ ಕೂರುತ್ತಾಳೆ. ನೋವು ಯಾರದೋ ಮಾತು ಅವರದೇ ಆಗಬೇಕು. ಯಜಮಾನರು ಐದು ನಿಮಿಷ ಹೊರಗೆ ಕುಳಿತರೆ ಮರ್ಯಾದೆಗೆ ಕುಂದಿಲ್ಲ. ರೋಗಿ ಹೇಳಿದ ಗುಟ್ಟನ್ನು ಹೊರಗೆ ಬಿಡಬಾರದೆಂಬುದು ವೈದ್ಯರಿಗೆ ಇರುವ ನಿಯಮ.

ವೈದ್ಯರ ಬಾಕಿಯೂ ಇದೆ

ಎಲ್ಲವೂ ರೋಗಿಯ ಮೇಲೆಯೇ ಎಂದು ತಿಳಿಯಬೇಡಿ. ನೀವು ಸಂಗತಿ ಬಿಚ್ಚಿ ಹೇಳಿದ ಮೇಲೆ, ಕಾಯಿಲೆ ಏನು, ಮದ್ದು ಏನು, ಬೇರೆ ದಾರಿ ಇದೆಯೇ, ಅಪಾಯ ಎಷ್ಟು ಎಂಬುದನ್ನು ನಿಮಗೆ ತಿಳಿಯುವ ಮಾತಿನಲ್ಲಿ ಹೇಳುವುದು ವೈದ್ಯರ ಕರ್ತವ್ಯ. ಶಸ್ತ್ರಚಿಕಿತ್ಸೆಗೆ ಮುಂಚೆ ಇದನ್ನೆಲ್ಲ ತಿಳಿಸಿ ರೋಗಿಯ ಒಪ್ಪಿಗೆಯನ್ನೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. ಆ ಪ್ರಕರಣದಲ್ಲಿ ವಯಸ್ಕ ಮಹಿಳೆಯೊಬ್ಬರು ಅರಿವಳಿಕೆಯಲ್ಲಿದ್ದಾಗ ಆಕೆಯ ತಾಯಿ ಒಪ್ಪಿದ್ದು ಸಾಲದು ಎಂದಿತು. ಓದದೆ ಹೆಬ್ಬೆಟ್ಟು ಒತ್ತಬೇಡಿ. "ಓದಿ ಹೇಳಿ ಸಾರ್" ಎಂದು ಕೇಳಿ.

ಕಾಗದ ಪತ್ರ ಕೇಳುವುದೂ ನಿಮ್ಮ ಹಕ್ಕು. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದು 2002ರ ವೈದ್ಯರ ನಡತೆ ನಿಯಮಗಳಲ್ಲಿದೆ. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಬೇಕು, ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದು ಎಂದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಹೇಳುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಸಂದರ್ಭ ಬಿಟ್ಟರೆ, ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2023ರಿಂದ ಮತ್ತೆ ನಡೆಯುತ್ತಿರುವ ಯಶಸ್ವಿನಿ ಯೋಜನೆ ಇದೆ.

ಅನ್ಯಾಯವಾಯಿತು ಎನ್ನಿಸಿದರೆ ದಾರಿ ಇದೆ. ಹಣ ಪಡೆದು ಮಾಡುವ ಚಿಕಿತ್ಸೆ ಗ್ರಾಹಕ ಕಾಯಿದೆಯೊಳಗೆ ಬರುತ್ತದೆಂದು 1995ರಲ್ಲೇ ತೀರ್ಮಾನವಾಗಿದೆ. ಖಾಸಗಿ ಆಸ್ಪತ್ರೆಯ ಮೇಲಿನ ದೂರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಡಬಹುದು. ಕಲ್ಲು ಎತ್ತುವುದು ಮಾತ್ರ ದಾರಿಯಲ್ಲ. ವೈದ್ಯರು, ದಾದಿಯರ ಮೇಲೆ ಕೈ ಮಾಡಿದರೆ ಜೈಲು ಎಂದು ರಾಜ್ಯದಲ್ಲಿ 2009ರಿಂದ ಕಾನೂನಿದೆ. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ಒಂದು ಸಲ ಏಟು ತಿಂದ ವೈದ್ಯರು ಮುಂದಿನ ರಾತ್ರಿ ಬಂದ ಹಾವು ಕಡಿದವನಿಗೆ ಪ್ರತಿವಿಷ ಕೊಡುವ ಧೈರ್ಯ ಮಾಡದೆ, "ದಾವಣಗೆರೆಗೆ ಕರೆದುಕೊಂಡು ಹೋಗಿ" ಎಂದುಬಿಡಬಹುದು. ದಾರಿಯಲ್ಲಿ ಕಳೆಯುವ ಆ ಒಂದು ಗಂಟೆಯ ಬೆಲೆ ತೆರುವವನು ನಮ್ಮವನೇ ಇನ್ನೊಬ್ಬ ರೈತ.

ಮನೆಯಿಂದ ಹೊರಡುವ ಮೊದಲು

ಕೆಳಗಿನ ಕ್ರಮಗಳನ್ನು ಮನೆಯವರೆಲ್ಲರೂ ತಿಳಿದುಕೊಂಡಿರುವುದು ಒಳ್ಳೆಯದು.

1. ಹಳೆಯ ಚೀಟಿ, ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು ಪಹಣಿ ಪತ್ರದಷ್ಟೇ ಜೋಪಾನ ಮಾಡಿ. ಪ್ರತಿ ಸಲವೂ ಅದನ್ನು ಒಯ್ಯಿರಿ.

2. ಕಾಯಿಲೆ ಯಾವ ದಿನ ಶುರುವಾಯಿತು, ಅದಕ್ಕೆ ಮುಂಚಿನ ಹದಿನೈದು ದಿನ ಹೊಲ, ಗದ್ದೆ, ತೋಟದಲ್ಲಿ ಏನು ಕೆಲಸ ಮಾಡಿದಿರಿ ಎಂಬುದನ್ನು ನೆನಪು ಮಾಡಿಕೊಳ್ಳಿ. ಮಗನೋ ಮಗಳೋ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ಇನ್ನೂ ಉತ್ತಮ.

3. ನುಂಗುತ್ತಿರುವ ಗುಳಿಗೆ, ಕುಡಿಯುತ್ತಿರುವ ಕಷಾಯ, ಹೊಡೆದ ಕೀಟನಾಶಕ, ಯಾವುದನ್ನೂ ಬಿಡಬೇಡಿ. ಹೆಸರು ಬಾರದಿದ್ದರೆ ಡಬ್ಬಿ ತೋರಿಸಿ.

4. ಇಂಜೆಕ್ಷನ್ನೇ ಬೇಕು, ಗ್ಲೂಕೋಸೇ ಬೇಕು ಎಂದು ಹಟ ಹಿಡಿಯಬೇಡಿ. "ಹಾಕಿ" ಎಂಬ ಒತ್ತಾಯಕ್ಕೆ ಹಾಕಿದ ಸೂಜಿ ವೈದ್ಯರ ತೀರ್ಮಾನವಲ್ಲ, ನಿಮ್ಮದು.

5. ಏಳುವ ಮೊದಲು ಮೂರು ಪ್ರಶ್ನೆ ಕೇಳಿ: ನನಗೆ ಏನಾಗಿದೆ? ಈ ಮದ್ದು ಎಷ್ಟು ದಿನ? ಯಾವ ಲಕ್ಷಣ ಕಂಡರೆ ಕೂಡಲೆ ವಾಪಸು ಬರಬೇಕು?

6. ವಿಷ, ಹಾವು ಕಡಿತ, ಎದೆನೋವಿನಂಥ ತುರ್ತು ಸಮಯದಲ್ಲಿ 108ಕ್ಕೆ ಫೋನು ಮಾಡಿ.

ಈ ಸಲ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಆ ಮೆಕ್ಕೆಜೋಳದ ಎಲೆಯನ್ನು ನೆನಪಿಸಿಕೊಳ್ಳಿ. ಅದರ ಪರವಾಗಿ ನೀವು ಎಷ್ಟು ಮಾತನಾಡಿದಿರೋ ನಿಮ್ಮ ಪರವಾಗಿಯೂ ಅಷ್ಟೇ ಮಾತನಾಡಿ. ಬೆಳೆ ಈ ಸಲ ಕೈಕೊಟ್ಟರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ಬಿತ್ತುವವನು ಮಾತ್ರ ಮನೆಯಲ್ಲಿ ಇರಬೇಕು.